ನಮ್ಮ ಕ್ರಾಸಿಗೊಬ್ಬ ರಾಜ

ಇತಿಹಾಸ ಕಲಿಸಿದವನನ್ನು ನೆರೆಹೊರೆಯವರು ನೆಮ್ಮದಿಯಿಂದ ಇರಲು ಬಿಡುವುದಿಲ್ಲ. ಅದಕ್ಕೇ ಯಾರಾದರೂ ಬೆಳಿಗ್ಗೆ ನಗುತ್ತ ನಮಸ್ಕಾರ ಮಾಡಿದರೆ ನನಗೆ ಮೊದಲು ಸಂಶಯ ಬರುತ್ತದೆ. ಬೈರಿದೇವರಕೊಪ್ಪದ ನಮ್ಮ ಕಾಲನಿಯ ಕ್ರಾಸುಗಳಿಗೆ ಹಳೆಯ ರಾಜರ ಹೆಸರಿಡಬೇಕೆಂದು ಸಂಘದವರು ಠರಾವು ಮಾಡಿದರು. ಷರತ್ತು ಒಂದೇ, ಸರ್ವಾಧಿಕಾರಿಯ ಹೆಸರು ಬರಕೂಡದು. ಯಾರು ಸರ್ವಾಧಿಕಾರಿ ಅನ್ನುವುದನ್ನು ನಾನು ಹೇಳಬೇಕು, ಸಭೆ ಒಪ್ಪಬೇಕು.

ನನಗೂ ಒಂದಾಸೆ ಇತ್ತು. ನಾನು ಪಿಎಚ್‌ಡಿಗೆ ಆರಿಸಿಕೊಂಡ ರಾಜನ ಹೆಸರು ನಮ್ಮ ಮನೆಯ ಕ್ರಾಸಿಗೆ ಬರಬೇಕು. ಪಠ್ಯಪುಸ್ತಕದಲ್ಲೂ ಜಾಗ ಸಿಗದ ಸಣ್ಣ ರಾಜ. ನನ್ನನ್ನು ಬಿಟ್ಟರೆ ಪಾಪ, ಅವನಿಗೆ ಯಾರೂ ಇಲ್ಲ.

ಸುಂಕದ ಸಂಶಯ

ನನ್ನ ಆಸೆಯ ಸುದ್ದಿ ಕೇಳಿ ಮೊದಲು ಬಂದವರು ಕಿರಾಣಿ ಅಂಗಡಿಯವರು.

"ಸರ, ಈ ರಾಜಾ ವ್ಯಾಪಾರಸ್ಥರ ಕಡಿಂದ ಸುಂಕ ತಗೋತಿದ್ನೇನ್ರಿ?"

"ಎಲ್ಲಾ ರಾಜರೂ ತಗೋತಿದ್ರು."

"ಹಂಗಾರ ಎಲ್ಲಾರೂ ಸರ್ವಾಧಿಕಾರಿಗಳೇ ಬಿಡ್ರಿ."

ನನ್ನ ರಾಜ ಗಾಣದವರಿಗೆ ಸುಂಕ ಮಾಫಿ ಮಾಡಿದ್ದ ಎಂದು ಸಮಜಾಯಿಷಿ ಕೊಟ್ಟೆ. ಅವರು ತಮ್ಮ ಅಂಗಡಿಯ ಎದುರಿಗಿರುವ ಎಣ್ಣೆ ಅಂಗಡಿಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ಕಿರಾಣಿಯವರಿಗೆ ಯಾಕ ಮಾಡ್ಲಿಲ್ಲ? ಯಾರೋ ಕಿವಿ ಊದ್ಯಾರ ನೋಡ್ರಿ."

ಸಾಕ್ಷಿ

ಪಕ್ಕದ ಮನೆಯಲ್ಲಿ ನಿವೃತ್ತ ಪೊಲೀಸ್ ಸಾಹೇಬರಿದ್ದಾರೆ. ಚಹಾ ಕೊಟ್ಟವರನ್ನೂ ಆರೋಪಿಯ ಹಾಗೆಯೇ ನೋಡುವುದು ಅವರ ರೂಢಿ.

"ನಿಮ್ಮ ರಾಜಾ ಛಲೋ ಇದ್ದ ಅನ್ನಾಕ ಸಾಕ್ಷಿ ಏನೈತ್ರಿ?"

"ಶಾಸನ ಐತ್ರಿ. ಪ್ರಜಾ ಎಲ್ಲಾ ಸುಖದಿಂದ ಇದ್ರು ಅಂತ ಕಲ್ಲಿನ ಮ್ಯಾಲ ಬರದೈತಿ."

"ಬರಿಸಿದಾವ ಯಾರು?"

"ರಾಜಾನ ಬರಿಸ್ಯಾನ್ರಿ."

ಸಾಹೇಬರು ಬಸಿಯಲ್ಲಿದ್ದ ಚಹಾ ಸಾವಕಾಶ ಕುಡಿದು ಮುಗಿಸಿದರು.

"ಸರ್ವಿಸಿನ್ಯಾಗ ಸಾಕ್ಷಿದಾರರ ಕಡಿಂದ ಇಂಥಾ ಜಬಾಬು ನಾನೂ ಭಾಳ ಬರಿಸೇನ್ರಿ."

ಅಧ್ಯಕ್ಷರು

ಕಾಲನಿ ಹುಟ್ಟಿದಾಗಿನಿಂದ ಸಂಘಕ್ಕೆ ಒಬ್ಬರೇ ಅಧ್ಯಕ್ಷರು. ಸಭೆಯಲ್ಲಿ ಓದಲು ನಾನು ಬರೆದಿಟ್ಟಿದ್ದನ್ನು ಅವರು ಮೊದಲೇ ತರಿಸಿಕೊಂಡರು. 'ಕುರ್ಚಿ ಬಿಡದವನು, ಚುನಾವಣೆ ಮಾಡದವನು ಸರ್ವಾಧಿಕಾರಿ' ಎಂಬಲ್ಲಿಗೆ ಬಂದು ಕನ್ನಡಕ ತೆಗೆದರು.

"ಇದು ರಾಜರ ಮ್ಯಾಲ ಬರದದ್ದೋ, ನನ್ನ ಮ್ಯಾಲ ಬರದದ್ದೋ?"

"ರಾಜರ ಮ್ಯಾಲ್ರಿ."

"ಹಂಗಾರ ಚುನಾವಣಿ ಮಾತು ತಗೀರಿ. ರಾಜರ ಕಾಲಕ್ಕ ಚುನಾವಣಿ ಎಲ್ಲಿತ್ತು? ನಮ್ಮ ಕಾಲನ್ಯಾಗರ ಎಲ್ಲೈತಿ?"

ತಕರಾರು

ಭಾನುವಾರ ಗಾರ್ಡನ್ನಿನಲ್ಲಿ ಸಭೆ ಸೇರಿತು. ದೊಡ್ಡ ದೊಡ್ಡ ರಾಜರೆಲ್ಲ ಒಬ್ಬೊಬ್ಬರ ಒಂದೊಂದು ಸಂಶಯಕ್ಕೆ ಬಿದ್ದುಹೋದರು. ನನ್ನ ರಾಜನ ಹೆಸರು ಬಂದಾಗ ಮಾತ್ರ ಯಾರೂ ಉಸಿರೆತ್ತಲಿಲ್ಲ. ನನ್ನ ಬಾಯಿಂದಲ್ಲದೆ ಅವನ ಹೆಸರು ಯಾರೂ ಕೇಳಿರಲಿಲ್ಲ, ಅದೇ ಅವನ ಪುಣ್ಯ. ಅಧ್ಯಕ್ಷರು ಪದ್ಧತಿಯಂತೆ ಕೇಳಿದರು, "ಯಾರದರ ತಕರಾರು ಐತೇನ್ರಿ?"

ಹೆಂಗಸರ ಸಾಲಿನಿಂದ ನನ್ನ ಹೆಂಡತಿ ಎದ್ದು ನಿಂತಳು. ನನ್ನ ಪರವಾಗಿ ನಾಲ್ಕು ಮಾತಾಡುತ್ತಾಳೆಂದು ಹಿಗ್ಗಿದೆ.

"ನಾ ಮದುವ್ಯಾಗಿ ಬಂದಾಗಿಂದ ಈ ರಾಜಾ ನಮ್ಮ ಮನಿ ಆಳಾಕತ್ತಾನ್ರಿ. ನನ್ನ ಸೀರಿ ಕಪಾಟು ಇವನ ಕಾಗದಕ್ಕ ಹೋತು. ತವರಿಗೆ ಹೋಗೂ ಸೂಟಿಯೊಳಗ ಇವನ ಹಾಳಬಾವಿ ನೋಡಾಕ ಹೋದ್ವಿ. ಹುಟ್ಟಿದ ಮಗಗೂ ಇವನ ಹೆಸರ ಇಟ್ರು, ನನ್ನ ಒಂದ ಮಾತು ಕೇಳಲಿಲ್ಲ. ಹೊಸ್ತಿಲ ದಾಟಿ ಹೊರಗ ಬಂದ ಮ್ಯಾಲರ ನನಗ ಇವನಿಂದ ಬಿಡುಗಡಿ ಬ್ಯಾಡೇನ್ರಿ?"

ಅಧ್ಯಕ್ಷರು ಅಂದು ಮೊದಲ ಬಾರಿಗೆ ವಿಷಯವನ್ನು ಮತಕ್ಕೆ ಹಾಕಿದರು. ರಾಜ ಸರ್ವಾಧಿಕಾರಿಯೇ ಹೌದು ಎನ್ನುವವರು ಕೈ ಎತ್ತಬೇಕು. ಎಲ್ಲರಿಗಿಂತ ಮೊದಲು ಎದ್ದ ಕೈ, ಆ ರಾಜನ ಹೆಸರು ಹೊತ್ತ ನನ್ನ ಮಗನದು.