ಊಟಕ್ಕೆ ಹೋದ ಕೀಬೋರ್ಡೂ ಫ್ರಿಜ್ಜಾದ ಕಂಪ್ಯೂಟರೂ

ಆರತಕ್ಷತೆಗಳಲ್ಲಿ ಹಾಡಿ ಹೊಟ್ಟೆ ಹೊರೆಯೋನಿಗೆ ಇಂಥವೆಲ್ಲ ಆಗ್ತಲೇ ಇರ್ತವೆ. ಆಗದಿದ್ದ ದಿನ ನಾನೇ ಆಗಿಸ್ತೀನಿ. ನಾನು ಸುಳ್ಳು ಹೇಳೋನಲ್ಲ. ಸ್ವಲ್ಪ ಒಗ್ಗರಣೆ ಹಾಕ್ತೀನಿ, ಅಷ್ಟೆ.

ಎಡಗೈಯ ಊಟ

ನಮ್ಮ ಆರ್ಕೆಸ್ಟ್ರಾದಲ್ಲಿ ಹಳೆಯ ಅರೇಂಜರ್ ಕೀಬೋರ್ಡ್ ಒಂದಿದೆ. ಎಡಗೈಯಲ್ಲಿ ಮೂರು ಮನೆ ಒತ್ತಿದರೆ ಸಾಕು, ಡೋಲು, ಗಿಟಾರು, ಪಿಟೀಲು ಎಲ್ಲವನ್ನೂ ಅದೇ ಬಾರಿಸುತ್ತೆ. ಕೈ ತೆಗೆದರೂ ನಿಲ್ಲಿಸಲ್ಲ.

ತುರುವೇಕೆರೆಯ ಛತ್ರವೊಂದರಲ್ಲಿ ನಮ್ಮ ಕೀಬೋರ್ಡಿನವನು ಹಾಗೇ ಒತ್ತಿಟ್ಟು ಊಟಕ್ಕೆ ಹೋದ. ಪಾಯಸ ಎರಡು ಸಲ ಹಾಕಿಸಿಕೊಂಡು, ಬಾಯಿ ಒರೆಸಿಕೊಂಡು ಬಂದ. ಮುಂದಿನ ಸಾಲಿನ ಹಿರಿಯರೊಬ್ಬರು ಅವನ ಕೈ ಹಿಡಿದು, "ಇಷ್ಟೊತ್ತು ನುಡಿಸಿದ್ರಲ್ಲ, ಅದೇ ಕಣ್ರೀ ಸಂಗೀತ!" ಅಂದರು.

ಆ ಹೊಗಳಿಕೆ ಅವನಿಗೆ ಇವತ್ತಿಗೂ ಜೀರ್ಣವಾಗಿಲ್ಲ.

ಗಂಡಿನ ಕಡೆಯ ತಕರಾರು

ಆ ಅವಮಾನಕ್ಕೇ ಅವನು ರ‍್ಯಾಕ್ ತಂದದ್ದು. ಕಬ್ಬಿಣದ ಚೌಕಟ್ಟಿನೊಳಗೆ ಕೂರಿಸಿದ ಕಂಪ್ಯೂಟರು. ಲೋಕದ ವಾದ್ಯಗಳೆಲ್ಲ ಅದರ ಹೊಟ್ಟೆಯಲ್ಲಿವೆಯಂತೆ. ಎತ್ತೋಕೆ ನಾಲ್ಕು ಜನ ಬೇಕು; ಲೋಕ ಅಂದಮೇಲೆ ಭಾರ ಇರಲೇಬೇಕಲ್ಲ.

ತಿಪಟೂರಿನ ಛತ್ರದಲ್ಲಿ ಅದನ್ನು ಇಳಿಸಿ ಟೀ ಕುಡಿಯಲು ಹೋದೆವು. ಬರುವಷ್ಟರಲ್ಲಿ ಹೆಣ್ಣಿನ ಕಡೆಯವರು ಅದನ್ನು ಮಂಚ, ಬೀರು, ಮಿಕ್ಸಿಗಳ ಸಾಲಿನಲ್ಲಿಟ್ಟು ಕುಂಕುಮ ಹಚ್ಚಿದ್ದರು. ಗಂಡಿನ ಅಪ್ಪ ಸುತ್ತು ಹಾಕಿ ನೋಡಿ ಮುಖ ಸಿಂಡರಿಸಿದರು:

"ಫ್ರಿಜ್ಜು ಸಣ್ಣದಾಯ್ತು ಕಣ್ರೀ."

ಕಾಯದ ಯಂತ್ರ

ನನಗೆ ಎರಡನೇ ಚರಣ ಮರೆಯೋ ಕಾಯಿಲೆ. ಹಳೇ ಕೀಬೋರ್ಡಿದ್ದಾಗ ನಾನು ಕಣ್ಣು ಮಿಟುಕಿಸಿದರೆ ಅವನು ನಡುವಿನ ವಾದ್ಯವನ್ನೇ ಮತ್ತೆ ಮತ್ತೆ ತಿರುಗಿಸುತ್ತಿದ್ದ. ಜನ ಅದನ್ನು ವಿಸ್ತಾರ ಅಂದುಕೊಳ್ಳೋರು. ರ‍್ಯಾಕಿನಲ್ಲಿ ಅವನು ಹಾಡನ್ನೆಲ್ಲ ಮನೆಯಲ್ಲೇ ಕಟ್ಟಿ ತರ್ತಿದ್ದ. ನಾನಿನ್ನೂ ಸಾಲು ಹುಡುಕ್ತಿದ್ದೆ, ಅದು ಹಾಡು ಮುಗಿಸಿ ಮುಂದಿನದಕ್ಕೆ ಹೋಗಿತ್ತು.

"ಒಂಚೂರು ಕಾಯೋಕಾಗಲ್ವೇನ್ಲಾ ಅದಕ್ಕೆ?"

"ಕಂಪ್ಯೂಟರ್ ಕಣ್ಲಾ. ನಿನ್ನಂಗೆ ತಪ್ಪು ಮಾಡಲ್ಲ."

ನಮ್ಮ ಆರ್ಕೆಸ್ಟ್ರಾ ಮಾಲೀಕರು ತೀರ್ಪು ಕೊಟ್ಟರು: "ವ್ಯಾನಲ್ಲಿ ಎರಡನ್ನೂ ಎಷ್ಟು ದಿನ ತುರುಕೋದು? ಹೊನ್ನವಳ್ಳಿ ಕಾರ್ಯಕ್ರಮ ರ‍್ಯಾಕಲ್ಲಿ ನೆಟ್ಟಗೆ ನಡೆದ್ರೆ ಹಳೇದನ್ನ ಮಾರ್ಬುಡೋಣ."

ಮಾರುತ್ತಿದ್ದದ್ದು ಕೀಬೋರ್ಡನ್ನಲ್ಲ, ನನ್ನ ಮರ್ಯಾದೆಯನ್ನ.

ಹೊನ್ನವಳ್ಳಿ ಪರೀಕ್ಷೆ

ಹೊನ್ನವಳ್ಳಿಯಲ್ಲಿ ಶಾಮಿಯಾನ ಹಾಕಿದ್ದು ಹೆಣ್ಣಿನ ಸೋದರಮಾವನ ತೆಂಗಿನ ತೋಟದಲ್ಲಿ. ನಮ್ಮ ಕರೆಂಟು ಬಂದಿದ್ದೂ ಅವರ ಬೋರಿನ ಲೈನಿನಿಂದಲೇ. ನಾನು ಅವರ ಪಕ್ಕ ಹೋಗಿ ಮೆಲ್ಲಗೆ ಕೇಳಿದೆ: "ಅಣ್ಣ, ತ್ರೀಫೇಸ್ ಬರೋ ಹೊತ್ತು. ಕರೆಂಟ್ ಬಂದ ಕೂಡ್ಲೇ ತಾನೇ ಓಡಂಗೆ ಮೋಟರ್ ಆಟೋಗೆ ಹಾಕಿದ್ದೀರಾ? ಗಿಡ ಬಾಡವೆ ಪಾಪ."

"ಒಳ್ಳೇದು ನೆನಪು ಮಾಡ್ದೆ ಕಣಪ್ಪ! ಗಲಾಟೇಲಿ ಮರ್ತೇಬಿಟ್ಟಿದ್ದೆ," ಅಂತ ಹೋಗಿ ಹಾಕಿ ಬಂದರು.

ಮೊದಲ ಹಾಡಿನ ಎರಡನೇ ಚರಣ. ನನಗೆ ಮರೆತಿತ್ತು. ಸರಿಯಾಗಿ ಆಗಲೇ ತ್ರೀಫೇಸ್ ಬಂತು, ಮೋಟರು ಗುಂಯ್ ಅಂತು, ವೋಲ್ಟೇಜ್ ಬಿದ್ದು ದೀಪಗಳು ಕೆಂಪಗಾದವು, ಕಂಪ್ಯೂಟರು ಕಣ್ಣು ಮುಚ್ಚಿತು. ಅದರ ಬ್ಯಾಟರಿ ಸತ್ತ ಯುಪಿಎಸ್ ಮಾತ್ರ ಕೀಂ ಕೀಂ ಅಂತಿತ್ತು. ಆವತ್ತು ಶ್ರುತಿಯಲ್ಲಿದ್ದದ್ದು ಅದೊಂದೇ. ಕಂಪ್ಯೂಟರು ಎದ್ದು, ಏನೇನೋ ಯೋಚಿಸಿ, ಮತ್ತೆ ಮಲಗಿತು. ಕೊನೆಗೆ ಮಾಲೀಕರೇ ಓಡಿ ಹಳೇ ಕೀಬೋರ್ಡನ್ನು ವ್ಯಾನಿನಿಂದ ತಂದರು. ಸ್ವಿಚ್ ಹಾಕಿದ ಕೂಡಲೇ ಅದು ಶುರುವಾಯ್ತು. ನಾನು ಗೆದ್ದೆ ಅಂದುಕೊಂಡೆ.

ಆದರೆ ಮೋಟರು ಓಡಿದರೆ ನೀರು ಎಲ್ಲೋ ಹೋಗಬೇಕಲ್ಲ? ಅದು ನೇರ ಶಾಮಿಯಾನಕ್ಕೇ ಬಂತು. ಜನ ಚಪ್ಪಲಿ ಕೈಗೆತ್ತಿಕೊಂಡು, ಕಾಲು ಮೇಲೆ ಮಾಡಿ, ಕುರ್ಚಿಗಳಲ್ಲಿ ಕುಕ್ಕರಗಾಲಲ್ಲಿ ಕೂತರು. ಸುತ್ತ ಕೆಸರು, ರೇಷ್ಮೆ ಸೀರೆಯಲ್ಲಿ ಇಳಿಯೋರು ಯಾರು? ನಾನು ವೇದಿಕೆ ಮೇಲಿನಿಂದ ಹಾಡ್ತಲೇ ಇದ್ದೆ. ಎರಡನೇ ಚರಣಗಳಿಗೆಲ್ಲ ಮೊದಲನೆಯದನ್ನೇ ಹಾಡಿದೆ.

ಮುಗಿದ ಮೇಲೆ ಸೋದರಮಾವ ಬಂದು ಮಾಲೀಕರ ಕೈ ಹಿಡಿದುಕೊಂಡರು: "ಏನ್ ಕಾರ್ಯಕ್ರಮ ರೀ! ಕೊನೇ ಹಾಡಿನ ತನಕ ಒಬ್ಬರೂ ಎದ್ದು ಹೋಗಲಿಲ್ಲ!"

ಮಾಲೀಕರು ಒದ್ದೆ ತೋಟ ನೋಡಿದರು, ನನ್ನನ್ನು ನೋಡಿದರು.

"ಕೀಬೋರ್ಡೇ ಇರ್ಲಿ ಬುಡು," ಅಂದರು. ನಾನು ಹಿಗ್ಗಿದೆ. "ಆದ್ರೆ ಇನ್ಮೇಲೆ ನಿನ್ನ ಹಾಡಿಗೆ ಬುಕಿಂಗ್ ಬಂದ್ರೆ, ಬೋರಲ್ಲಿ ನೀರೈತಾ ಅಂತ ಮೊದ್ಲು ಕೇಳ್ಕೊ."