ಹದಿನೇಳರ ಮಗ್ಗಿ ಮತ್ತು ಬೋಡು ಕೇಕು

ಕೋಲಾರ ಜಿಲ್ಲೆಯಲ್ಲಿ ಮಗ್ಗಿ ಹೇಳಿಸಿ ಕೇಕು ಬೇಯಿಸುತ್ತಿದ್ದ ಮನುಷ್ಯ ಒಬ್ಬರೇ ಒಬ್ಬರು, ಅವರು ನಮ್ಮ ದೊಡ್ಡಪ್ಪ. ನೀವು ನಂಬುವುದಿಲ್ಲ ಅಂತ ನನಗೆ ಗೊತ್ತು. ಮುಳಬಾಗಿಲಿನ ನಮ್ಮ ಬೀದಿಯವರೇ ನಂಬಿರಲಿಲ್ಲ, ವಾಸನೆ ಬಂದ ಮೇಲೆ ನಂಬಿದರು!

ನಮ್ಮದು ಪೌರೋಹಿತ್ಯದ ಮನೆ. ತಾತ ಪುರೋಹಿತರು, ಅಪ್ಪ ಕಚೇರಿಯಲ್ಲಿ ಗುಮಾಸ್ತರು. ದೊಡ್ಡಪ್ಪ ಮಾತ್ರ ವಯಸ್ಸಿನಲ್ಲಿ ಕೆ.ಜಿ.ಎಫ್.ಗೆ ಹೋಗಿ ಕೆಲವು ವರ್ಷ ಕಾಂಪೌಂಡರ್ ಆಗಿದ್ದು ಬಂದವರು. ಚಿನ್ನದ ಊರಿನಿಂದ ಬಂದವರು ಏನು ತಂದರು? ಪಕ್ಕದ ಮನೆಯ ಆಂಗ್ಲೋ ಇಂಡಿಯನ್ ಮುದುಕಿ ಹೇಳಿಕೊಟ್ಟ ಕೇಕಿನ ವಿದ್ಯೆ! ಆಕೆಯ ಕೇಕಿಗೆ ಮೊಟ್ಟೆ ಬೇಕಿತ್ತು. ದೊಡ್ಡಪ್ಪ ಅದನ್ನು ಕಿತ್ತುಹಾಕಿ ಹುಳಿಮೊಸರು, ಅಡುಗೆ ಸೋಡ ಸೇರಿಸಿ ಕೇಕಿಗೆ ಉಪನಯನ ಮಾಡಿಸಿಬಿಟ್ಟರು.

ಆದರೂ ಅಜ್ಜಿ ಅದನ್ನು ಅಡುಗೆಮನೆಯೊಳಗೆ ಬಿಡಲಿಲ್ಲ. ಹಿತ್ತಲಿನಲ್ಲಿ ಒಲೆ ಹೂಡಿ, ಹಳೇ ಬಾಣಲೆಗೆ ಮರಳು ತುಂಬಿ, ಮೇಲೆ ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ಕೆಂಡ ಹರವಿದರೆ ಅದೇ ದೊಡ್ಡಪ್ಪನ ಬೇಕರಿ. ಭಾನುವಾರ ಬಂತೆಂದರೆ ಬೀದಿಯ ಮಕ್ಕಳೆಲ್ಲ ಅಲ್ಲಿ. ನಮ್ಮ ಗಲಾಟೆ ಕೇಳಿ ಅಜ್ಜಿ ಒಳಗಿನಿಂದಲೇ ಕೇಳುತ್ತಿದ್ದರು. ನಮ್ಮ ಮನೆಯಲ್ಲಿ ಅರ್ಧ ಮಾತು ತೆಲುಗು.

"ಏಮಿರಾ ಆ ಕೇಕಲು?"

"ಕೇಕಲು ಕಾದಮ್ಮಾ, ಕೇಕುಲು."

ತೆಲುಗಿನಲ್ಲಿ 'ಕೇಕಲು' ಅಂದರೆ ಕಿರುಚಾಟ. ಕಿರುಚಾಟ ಅಲ್ಲಮ್ಮ, ಕೇಕುಗಳು ಅಂತ ದೊಡ್ಡಪ್ಪನ ಉತ್ತರ. ಎರಡಕ್ಕೂ ಏನು ವ್ಯತ್ಯಾಸ ಅಂತ ಅಜ್ಜಿಗೆ ಕೊನೆಯವರೆಗೂ ತಿಳಿಯಲಿಲ್ಲ. ನಿಜ ಹೇಳಬೇಕೆಂದರೆ ನಮಗೂ ತಿಳಿದಿರಲಿಲ್ಲ.

ಕಪ್ ಕೇಕು ಅಂದರೆ ಕಪ್ಪು ಬೇಕಲ್ಲ? ಮನೆಯಲ್ಲಿದ್ದ ಕಾಫಿ ಲೋಟ, ತುಪ್ಪದ ಗಿಣ್ಣಲು, ಎಣ್ಣೆ ಅಳೆಯುವ ಚಟಾಕು, ಎಲ್ಲವೂ ಮರಳಿಗಿಳಿದವು. ಅತ್ತೆಯನ್ನು ನೋಡಲು ಬಂದ ಗಂಡಿನ ಕಡೆಯವರಿಗೆ ದೊಡ್ಡಮ್ಮ ಗಡಿಬಿಡಿಯಲ್ಲಿ ಅದೇ ಲೋಟದಲ್ಲಿ ಕಾಫಿ ಕೊಟ್ಟರು. ತಳದಲ್ಲಿ ಅಂಟಿದ್ದ ಆನೆಯ ಕಾಲೊಂದು ಗಂಡಿನ ಅಪ್ಪನ ಬಾಯಿಗೆ ಹೋಯಿತು. ಅವರು ಅಗಿದು ನೋಡಿ, ಇನ್ನೊಂದು ಲೋಟ ಕಾಫಿ ಕೇಳಿದರು! ಮದುವೆ ಆಯಿತು ಅನ್ನಿ.

ಹೌದು, ಆನೆಯ ಕಾಲು. ದೊಡ್ಡಪ್ಪನ ಕೇಕುಗಳು ಸುಮ್ಮನೆ ದುಂಡಗೆ ಕೂರುವ ಕೇಕುಗಳಲ್ಲ. ಒಲೆ ಹೊತ್ತಿಸುವ ಮೊದಲು ಅವರು ಒಬ್ಬೊಬ್ಬರನ್ನೇ ಮುಂದೆ ನಿಲ್ಲಿಸಿಕೊಂಡು, ಕಾಂಪೌಂಡರ್ ರೋಗಿಯನ್ನು ವಿಚಾರಿಸುವ ಗಾಂಭೀರ್ಯದಲ್ಲಿ, "ನಿನಗೇನಾಗ್ಬೇಕು?" ಎಂದು ಕೇಳುತ್ತಿದ್ದರು. ಆನೆ ಆಗಬೇಕು, ಗೂಬೆ ಆಗಬೇಕು, ಕುರಿ ಆಗಬೇಕು ಅಂತ ನಾವು. ಗೋಡಂಬಿಯ ಕಿವಿ, ಶಾವಿಗೆಯ ಮೀಸೆ, ಜೀರಿಗೆ ಪೆಪ್ಪರ್‌ಮಿಂಟಿನ ಕಣ್ಣು, ಕುರಿಗೆ ಕೊಬ್ಬರಿ ತುರಿಯ ತುಪ್ಪಟ. ಬಣ್ಣಕ್ಕೆ ಹಿಪ್ಪುನೇರಳೆ ಹಣ್ಣಿನ ರಸ. ರೇಷ್ಮೆಹುಳಕ್ಕೆ ಸೊಪ್ಪು, ನಮಗೆ ಹಣ್ಣು ಅಂತ ನ್ಯಾಯವಾಗಿ ಪಾಲಾಗಿತ್ತು. ಬೆಣ್ಣೆ ಸಕ್ಕರೆ ಕಲಸಿ ಅಂಟಿಸುವ ಕೆಲಸ ನಮ್ಮದೇ. ಹಾಗಾಗಿ ಆನೆ ಹೋಗಿ ಹಂದಿಯಾಗುವುದು, ಗೂಬೆಗೆ ಮೂರು ಕಣ್ಣು ಬರುವುದು ಮಾಮೂಲು. ಒಬ್ಬ ಹುಡುಗನಿಗೆ ಕೋಲಾರದ ಬಸ್ಸು ಆಗಬೇಕಿತ್ತು. ದೊಡ್ಡಪ್ಪ ಬಸ್ಸು ಮಾಡಿ, ಬಾಗಿಲಲ್ಲಿ ಒಂದು ಲವಂಗ ಚುಚ್ಚಿ ಕಂಡಕ್ಟರನ್ನೂ ನಿಲ್ಲಿಸಿದರು. ನನ್ನ ತಂಗಿಗೆ ಹೆಡ್ಮಾಸ್ಟರು ಆಗಬೇಕಿತ್ತು. ಮೊದಲು ಕಿವಿ ಕಚ್ಚಿ ತಿಂದಳು.

ಇನ್ನು ಮಗ್ಗಿಯ ವಿಷಯ. ಮನೆಯಲ್ಲಿ ಗಡಿಯಾರ ಇರಲಿಲ್ಲವೇ? ಇತ್ತು. ಗಡಿಯಾರ ನೋಡುತ್ತಾ ಕೂತರೆ ಕೇಕು ಉಬ್ಬುವುದಿಲ್ಲ ಎಂಬುದು ದೊಡ್ಡಪ್ಪನ ಸಿದ್ಧಾಂತ. ಬಾಣಲೆ ಮುಚ್ಚಿದ ಕೂಡಲೇ ನಾವು ಸುತ್ತ ಕೂತು ಎರಡರಿಂದ ಇಪ್ಪತ್ತರವರೆಗೆ ಮಗ್ಗಿ ರಾಗವಾಗಿ ಹೇಳಬೇಕು. "ಇಪ್ಪತ್ ಹತ್ಲಿ ಇನ್ನೂರು" ಅಂದಾಗ ಮುಚ್ಚಳ ತೆಗೆಯಬೇಕು. ನಡುವೆ ಯಾರೂ ಬೇರೆ ಮಾತಾಡಕೂಡದು. ತೊಂದರೆಯೆಲ್ಲ ಹದಿನೇಳರದ್ದು. ಹದಿನೇಳೇಳ್ಲಿ ಎಷ್ಟು ಅಂತ ಯಾರಿಗಾದರೂ ತಟ್ಟನೆ ಬರುತ್ತದೆಯೇ? ನಿಮಗೆ ಬರುತ್ತದೆಯೇ? ಅಲ್ಲಿ ತಪ್ಪಿ, ಜಗಳವಾಡಿ, ಮತ್ತೆ ಹದಿನೇಳೊಂದ್ಲಿಯಿಂದ ಶುರು ಮಾಡುವಷ್ಟರಲ್ಲಿ ತಳ ಹಿಡಿದಿರುತ್ತಿತ್ತು. ನಮ್ಮ ಕೇಕುಗಳು ಸೀದದ್ದೆಲ್ಲ ಹದಿನೇಳರಲ್ಲಿಯೇ.

ಎಲ್ಲರದ್ದೂ ಆದ ಮೇಲೆ ದೊಡ್ಡಪ್ಪ ಪಾತ್ರೆ ಬಳಿದು ಒಂದು ಕೊನೆಯ ಕೇಕು ಮಾಡಿಕೊಳ್ಳುತ್ತಿದ್ದರು. ಅದಕ್ಕೆ ಕಣ್ಣಿಲ್ಲ, ಮೂಗಿಲ್ಲ. "ನಂದು ಬೋಡು" ಅಂತ ತಮ್ಮ ಬೋಳುತಲೆ ಸವರಿಕೊಂಡು ತಿನ್ನುತ್ತಿದ್ದರು. ಅವರಿಗೂ ದೊಡ್ಡಮ್ಮನಿಗೂ ಮಕ್ಕಳಿರಲಿಲ್ಲ. ನಿಮಗೇನಾಗಬೇಕು ದೊಡ್ಡಪ್ಪ ಅಂತ ನಮ್ಮಲ್ಲಿ ಒಬ್ಬರೂ ಒಂದು ದಿನವೂ ಕೇಳಲಿಲ್ಲ.

ಇಷ್ಟು ಹೊತ್ತು ನಗಿಸುವ ಹಾಗೆ ಹೇಳಿದೆ. ಇನ್ನು ನನ್ನ ಘನಕಾರ್ಯ ಹೇಳಬೇಕು.

ನನಗೆ ಹದಿಮೂರು ತುಂಬಿದ ವರ್ಷ ಕೋಲಾರದ ಹೈಸ್ಕೂಲಿಗೆ ಸೇರಿಸಿ ಹಾಸ್ಟೆಲಿನಲ್ಲಿ ಬಿಟ್ಟರು. ಅಲ್ಲಿ ಪ್ಯಾಂಟು ಹಾಕುವ ಹುಡುಗರಿದ್ದರು, ಇಂಗ್ಲಿಷಿನಲ್ಲಿ ಬೈಯುವವರಿದ್ದರು. ನಾನು ಬಹಳ ಕಷ್ಟಪಟ್ಟು ನನ್ನ ಮಾತಿನಿಂದ ತೆಲುಗನ್ನು ಹೆಕ್ಕಿ ತೆಗೆಯುತ್ತಿದ್ದ ಕಾಲ. ಒಂದು ಭಾನುವಾರ ಅಂಗಳದಲ್ಲಿ ನಿಂತಿದ್ದೇನೆ, ದೊಡ್ಡಪ್ಪ ಬಂದರು. ಕಚ್ಚೆಪಂಚೆ, ಮೇಲೆ ಕೆ.ಜಿ.ಎಫ್. ಕಾಲದ ಕೋಟು, ಹಣೆಯಲ್ಲಿ ನಾಮದ ಪಕ್ಕ ಮೈದಾ ಹಿಟ್ಟಿನ ಇನ್ನೊಂದು ನಾಮ. ಕೈಯಲ್ಲಿ ದೊಡ್ಡ ಬಿಸ್ಕತ್ತಿನ ಡಬ್ಬ. ಬಸ್ಸಿನಲ್ಲಿ ಕುಲುಕಬಾರದೆಂದು ತೊಡೆಯ ಮೇಲೇ ಇಟ್ಟುಕೊಂಡು ಬಂದಿದ್ದರಂತೆ. ಮುಚ್ಚಳ ತೆಗೆದರು. ಹಾಸ್ಟೆಲಿನ ಹುಡುಗರಿಗೆಲ್ಲ ಸಾಲುವಷ್ಟು ಕೇಕುಗಳು. ನಟ್ಟನಡುವೆ ಇದ್ದದ್ದು ನಾನು! ಆಗತಾನೇ ನನಗೆ ಕನ್ನಡಕ ಬಂದಿತ್ತು. ಶಾವಿಗೆ ಬಗ್ಗಿಸಿ ಅದನ್ನೂ ಮಾಡಿದ್ದರು. ಹುಡುಗರು ಮುತ್ತಿಕೊಂಡರು, ಒಬ್ಬ ನಕ್ಕ, ಎಲ್ಲರೂ ನಕ್ಕರು. ವಕೀಲರ ಮಗನೊಬ್ಬ ದೊಡ್ಡಪ್ಪನನ್ನು ಮೇಲಿಂದ ಕೆಳಗೆ ನೋಡಿ ನನ್ನನ್ನು ಕೇಳಿದ.

"ಇವರು ನಿನಗೆ ಏನಾಗ್ಬೇಕೋ?"

ನೋಡಿ, ನಮ್ಮ ಕನ್ನಡ ಎಂಥ ಭಾಷೆ. ಪ್ರತಿ ಭಾನುವಾರ ದೊಡ್ಡಪ್ಪ ಕೇಳುತ್ತಿದ್ದ ಅದೇ ಮಾತು. ಅದಕ್ಕೆ ಆನೆ, ಕುರಿ, ಗೂಬೆ ಅಂತ ನೂರು ಸಲ ಉತ್ತರ ಹೇಳಿದ್ದ ಬಾಯಿ ಇದು. ಆವತ್ತು ಏನು ಹೇಳಿತು ಗೊತ್ತೇ?

"ಏನೂ ಆಗ್ಬೇಕಿಲ್ಲ. ನಮ್ಮನೆ ಅಡುಗೆಯವರು."

ದೊಡ್ಡಪ್ಪ ಒಂದು ಮಾರು ದೂರದಲ್ಲಿದ್ದರು. ಕೇಳಿಸದೇ ಇರಲು ಸಾಧ್ಯವೇ ಇರಲಿಲ್ಲ. ಅವರ ಮುಖದಲ್ಲಿ ಏನೂ ಆಗಲಿಲ್ಲ. ಹೌದಪ್ಪ, ರುಚಿ ನೋಡಿ ಹೇಳಿ ಅಂತ ಹುಡುಗರಿಗೆಲ್ಲ ಕೇಕು ಹಂಚುತ್ತಾ ಬಂದರು. ಕೊನೆಗೆ ಕನ್ನಡಕದ ಕೇಕನ್ನು ನನ್ನ ಮುಂದೆ ಹಿಡಿದರು.

"ತಗೊಳ್ಳಿ. ನೀವೂ ತಗೊಳ್ಳಿ."

ಹುಟ್ಟಿದಾಗಿನಿಂದ "ಲೇ" ಅಂತ ಕರೆದ ಮನುಷ್ಯ ನನಗೆ ಬಹುವಚನ ಹಾಕಿದರು. ಯಜಮಾನರ ಮಗನಿಗೆ ಅಡುಗೆಯವರು ಹೇಗೆ ಹೇಳಬೇಕೋ ಹಾಗೆ, ನನ್ನ ಸುಳ್ಳು ಎಲ್ಲಿ ಬಯಲಾಗುತ್ತದೋ ಅಂತ. ಬೈದಿದ್ದರೆ, ಎರಡು ಏಟು ಕೊಟ್ಟಿದ್ದರೆ ನಾನು ಇಷ್ಟು ವರ್ಷ ಇದನ್ನು ಹೊತ್ತುಕೊಂಡು ತಿರುಗುತ್ತಿರಲಿಲ್ಲ. ಖಾಲಿ ಡಬ್ಬ ಕಂಕುಳಲ್ಲಿ ಇಟ್ಟುಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೋದರು. ನಾನು ಗೇಟಿನವರೆಗೂ ಹೋಗಲಿಲ್ಲ.

ರಜೆಗೆ ಊರಿಗೆ ಹೋದಾಗ ಮತ್ತೆ "ಲೇ" ಅಂದರು, ಮನೆಯಲ್ಲಿ ಯಾರಿಗೂ ಏನೂ ಹೇಳಿರಲಿಲ್ಲ. ಭಾನುವಾರ ಮರಳು ಕಾಯಿತು. ಎಲ್ಲರನ್ನೂ ಕೇಳಿದರು, ನನ್ನನ್ನು ಬಿಟ್ಟು. ನನಗೆ ಅವರೇ ಒಂದು ಆನೆ ಮಾಡಿ ಕೊಟ್ಟರು, ಎಲ್ಲರದ್ದಕ್ಕಿಂತ ಚೆನ್ನಾಗಿತ್ತು. ಆದರೆ ಏನಾಗಬೇಕು ಅಂತ ಕೇಳಲಿಲ್ಲ. ಮುಂದೆಂದೂ ಕೇಳಲಿಲ್ಲ. ಆ ಒಂದು ಪ್ರಶ್ನೆ ಮತ್ತೆ ಬರಲಿ ಅಂತ ನಾನು ಎಷ್ಟು ಭಾನುವಾರ ಸಾಲಿನಲ್ಲಿ ನಿಂತೆನೋ. ನಾನೇ ಬಾಯಿ ಬಿಟ್ಟು ತಪ್ಪಾಯಿತು ಅನ್ನಬಹುದಿತ್ತಲ್ಲ? ಅನ್ನಬಹುದಿತ್ತು. ಮಾಲೂರಿನಲ್ಲಿ ಮೇಷ್ಟರಾದೆ, ಮದುವೆಯಾದೆ, ಮಗಳು ಹುಟ್ಟಿದಳು. ಊರವರ ಮಕ್ಕಳಿಗೆ ದಿನಾ ತಪ್ಪು ತಿದ್ದಿದೆ, ನನ್ನದನ್ನು ತಿದ್ದಿಕೊಳ್ಳಲಿಲ್ಲ.

ಮಗಳಿಗೆ ಆರು ವರ್ಷವಾದಾಗ ದಸರಾ ರಜೆಗೆ ಮುಳಬಾಗಿಲಿಗೆ ಕರೆದುಕೊಂಡು ಹೋದೆ. ದೊಡ್ಡಪ್ಪನ ಕೈ ನಡುಗುತ್ತಿತ್ತು, ಗೂಬೆಗೆ ಕಣ್ಣಿಡಲು ಎರಡು ಕೈ ಬೇಕಾಗಿತ್ತು. ಆದರೂ ಹಿತ್ತಲು ತುಂಬ ಮಕ್ಕಳು. ಮಗಳಿಗೆ ಅಳಿಲು ಆಗಬೇಕಿತ್ತು. ಬಾಣಲೆ ಮುಚ್ಚಿ ಮಗ್ಗಿ ಶುರುವಾಯಿತು. ಹದಿನೇಳು ಬಂತು. ಅದೇ ಹೊತ್ತಿಗೆ ಮಗಳು ನನ್ನ ತೋಳು ಹಿಡಿದೆಳೆದು ಕೇಳಿದಳು.

"ಅಪ್ಪಾ, ಈ ತಾತ ನಮಗೆ ಏನಾಗ್ಬೇಕು?"

ದೊಡ್ಡಪ್ಪನ ಕೈ ಬಟ್ಟಲಿನಲ್ಲೇ ನಿಂತಿತು. ಮಕ್ಕಳು ಮಗ್ಗಿ ಹೇಳುತ್ತಲೇ ಇದ್ದರು. ಹದಿನೆಂಟು ವರ್ಷದಿಂದ ಕಾದಿದ್ದ ಪ್ರಶ್ನೆ. ನಾನು "ಇವರು, ಇವರು" ಅಂದೆ. ದೊಡ್ಡಪ್ಪ ನನ್ನ ಮುಖ ನೋಡಿದರು.

"ಮಗ್ಗಿ ಮುಗೀಲಿ ಕಣೋ. ಆಮೇಲೆ ಹೇಳೀಯಂತೆ."

ನಾನು ತಡವರಿಸಿದ್ದು ಕಂಡು ಮತ್ತೆ ನನ್ನನ್ನು ಉಳಿಸಿದರೋ, ನಾನು ಏನು ಹೇಳಿಬಿಡುತ್ತೇನೋ ಅಂತ ಹೆದರಿದರೋ, ತಿಳಿಯದು. ಮಗ್ಗಿ ಮುಗಿಯಿತು. ಅಳಿಲಿನ ಬಾಲ ಮುರಿದು ಮಗಳು ಅತ್ತಳು, ಬಾಲ ಅಂಟಿಸಿದೆವು, ಸಾಯಂಕಾಲದ ಬಸ್ಸಿಗೆ ಹೊತ್ತಾಯಿತು. ಮುಂದಿನ ಸಲ ಬಂದಾಗ ಹೇಳಿದರಾಯಿತು ಅಂದುಕೊಂಡು ಹತ್ತಿದೆ. ಸಂಕ್ರಾಂತಿಗೆ ಮೊದಲೇ ದೊಡ್ಡಪ್ಪ ಹೋಗಿಬಿಟ್ಟರು.

ಈಗ ಮಾಲೂರಿನ ನಮ್ಮ ಹಿತ್ತಲಿನಲ್ಲಿ ಭಾನುವಾರ ಮರಳು ಕಾಯುತ್ತದೆ. ಏನಾಗಬೇಕು ಅಂತ ಮಗಳನ್ನೂ ಅವಳ ಗೆಳತಿಯರನ್ನೂ ಕೇಳುತ್ತೇನೆ. ಕೊನೆಗೆ ಪಾತ್ರೆ ಬಳಿದು ಒಂದು ಬೋಡು ಕೇಕು ಮಾಡುತ್ತೇನೆ, ಅದನ್ನು ತಿನ್ನುವುದಿಲ್ಲ. ಮಗಳಿಗೂ ಹದಿನೇಳರಲ್ಲಿ ತಪ್ಪುತ್ತದೆ. ಇವತ್ತು ತಪ್ಪಲಿಲ್ಲ. "ಇಪ್ಪತ್ ಹತ್ಲಿ ಇನ್ನೂರು" ಅಂದಳು, ಮುಚ್ಚಳ ತೆಗೆದೆ.

ಮಗ್ಗಿ ಮುಗೀತು ದೊಡ್ಡಪ್ಪ. ನೀವು ನನಗೆ ದೊಡ್ಡಪ್ಪ ಆಗಬೇಕು.