ಯೆಹೂದಿ ಸಂಘದ ಹತ್ತನೆಯವನು

ಒಂದೇ ಒಂದು ಹೆಸರು ಸಿಗದೆ ವೀರಪ್ಪ ಮೇಷ್ಟ್ರ ಪುಸ್ತಕ ದುರ್ಗಿಗುಡಿಯ ಪ್ರೆಸ್ಸಿನಲ್ಲಿ ಕೂತಿತ್ತು.

ಭದ್ರಾವತಿಯ ಯೆಹೂದಿ ಸಂಘದ ಚರಿತ್ರೆ ಅದು. ಕಾರ್ಖಾನೆ ಕೆಲಸಕ್ಕೆಂದು ಮುಂಬೈ ಕಡೆಯಿಂದ ಬಂದವರು ಕಟ್ಟಿದ ಸಂಘ. ಈಗ ಕಾಗದನಗರದಲ್ಲಿ ಉಳಿದವರು ಕಾರ್ಯದರ್ಶಿ ಸಾಮ್ಸನ್ ಒಬ್ಬರೇ. ಅಂದು ಸಂಜೆ ಮುಂಬೈ ಪಕ್ಕದ ಠಾಣೆ ಊರಿನಿಂದ ಹಳಬರ ಮಕ್ಕಳು ಅವರ ಮನೆಗೆ ಬಂದು ಪ್ರಾರ್ಥನೆ ಮಾಡಿ, ಮೇಷ್ಟ್ರಿಗೆ ಶಾಲು ಹೊದಿಸುವವರಿದ್ದರು. ಮೇಷ್ಟ್ರ ಬಾಳಿನಲ್ಲೇ ಮೊದಲ ಶಾಲು.

ಹತ್ತು ಗಂಡಸರು ಸೇರದೆ ಅವರಲ್ಲಿ ಸಾಮೂಹಿಕ ಪ್ರಾರ್ಥನೆ ಇಲ್ಲ. ‘ಇಲ್ಲಿ ಹತ್ತು ತಲೆಗೆ ಎಂದೂ ಕೊರತೆಯಾಗಲಿಲ್ಲ’ ಎಂದು ಮೇಷ್ಟ್ರು ಮೊದಲ ಪುಟದಲ್ಲೇ ಕೊಂಡಾಡಿದ್ದರು. ಆ ಪುಟ ಅಚ್ಚಾಗಿಯೂ ಆಗಿತ್ತು. ಸಾಕ್ಷಿಗೆ ಟೋಪಿ ತೊಟ್ಟ ಹತ್ತು ಜನರ ಫೋಟೊ. ಕೊನೆಯ ಮೀಸೆಯವನು ಯಾರೆಂದು ಸಾಮ್ಸನ್‌ಗೂ ನೆನಪಿಲ್ಲ.

ಜನ್ನಾಪುರದ ಚಹಾದಂಗಡಿಯ ಮಲ್ಲಿಕ್, ಮೇಷ್ಟ್ರು ಕೊಟ್ಟ ಫೋಟೊವನ್ನು ಬೆಳಕಿಗೆ ಹಿಡಿದ. “ಈ ಮೀಸೆ ಪೊಲೀಸಿಂದೇ ಸಾರ್, ಗ್ಯಾರಂಟಿ.”

ಹಾಲು ಕೊಳ್ಳಲು ಬಂದ ಬಂಗಾರಮ್ಮ ಇಣುಕಿ ಕಿರುಚಿದರು. “ಅಯ್ಯೋ ಮಾರಾಯ್ರೇ, ನಮ್ಮನೆಯವ್ರಲ್ವಾ!”

“ಹೆಸರು ಹೇಳಮ್ಮ!” ಎಂದರು ಮೇಷ್ಟ್ರು.

“ಗಂಡನ ಹೆಸರು ಬಾಯಲ್ಲಿ ಹೇಳ್ತಾರೇನ್ರೀ?”

“ಭೂತಪ್ಪ ಸಾರ್, ಬಾಯ್ಲರ್ ಭೂತಪ್ಪ!” ಎಂದ ಮಲ್ಲಿಕ್.

“ಅಲ್ಲಿ ಒಬ್ರು ಕಮ್ಮಿ ಬಿದ್ರೆ ಇವ್ರನ್ನ ಕರೀತಿದ್ರು. ತಲೆಗೆ ಟೋಪಿ, ಬಾಯಿಗೆ ಹಲ್ವಾ. ತುಟಿ ಮಾತ್ರ ಬಿಚ್ಚಂಗಿಲ್ಲ,” ಎಂದು ಬಂಗಾರಮ್ಮ ಕಣ್ಣೊರೆಸಿಕೊಂಡರು.

ಮೇಷ್ಟ್ರು ಚಹಾ ಅರ್ಧಕ್ಕೇ ಬಿಟ್ಟು ಫೋಟೊ ಕಿತ್ತುಕೊಂಡರು. ಆಟೊ ಹಿಡಿದು ಸಾಮ್ಸನ್ ಮನೆಗೆ ನುಗ್ಗಿದರು.

“ಸಾಮ್ಸನ್ನೋರೆ, ಕೆಟ್ವಿ! ಹತ್ತನೇ ಮನುಷ್ಯ ಯೆಹೂದಿನೇ ಅಲ್ಲ!”

ಸಾಮ್ಸನ್ ಸುಣ್ಣದ ಗೋಡೆಯಂತೆ ಬಿಳಿಚಿಕೊಂಡರು. ಎದ್ದು ಬಾಗಿಲು ಹಾಕಿ ಬಂದರು.

“ಅವನೂ ಅಲ್ವಾ ಸಾರ್?”

“ಅವನೂ ಅಂದ್ರೆ?”

“ನಾವು ಚರ್ಚಿಗೆ ಹೋಗೋರು ಸಾರ್. ಕೆಲಸಕ್ಕೆ ಸೇರಿದಾಗ ಹೆಸರು ಕೇಳಿದ್ರು, ಸಾಮ್ಸನ್ ಅಂದೆ. ನಮ್ಮವನೇ ಅಂತ ತಬ್ಕೊಂಡು ಟೋಪಿ ಇಟ್ಬಿಟ್ರು. ಅಷ್ಟು ಪ್ರೀತೀಲಿ ಕರೆದೋರಿಗೆ ಅಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಆಮೇಲೆ ಕಾರ್ಯದರ್ಶಿನೇ ಮಾಡಿದ್ರು.”

ಮೇಷ್ಟ್ರು ಕುಸಿದು ಕೂರುವುದಕ್ಕೂ ಹೊರಗೆ ವ್ಯಾನು ನಿಲ್ಲುವುದಕ್ಕೂ ಸರಿಹೋಯಿತು. ಮುಂದೆ ಬಂದ ಹಿರಿಯರು ಸಾಮ್ಸನ್‌ರನ್ನು ಅಪ್ಪಿಕೊಂಡು ಲೆಕ್ಕ ಹಾಕಿದರು. “ನಾವು ಎಂಟು, ನೀವು ಒಂಬತ್ತು. ಇನ್ನೊಬ್ಬರು?”

ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ಅವರ ಬೋಳುತಲೆಯ ಮೇಲೆ ಏನೋ ತಣ್ಣಗೆ ಕೂತಿತು.

“ಇವರೇ,” ಎಂದರು ಸಾಮ್ಸನ್. “ಪಾಪ, ಮಾತು ಬರಲ್ಲ.”

“ಸಂತೋಷ. ಚರಿತ್ರೆ ಬರೆದ ಮೇಷ್ಟ್ರು ಎಲ್ಲಿ? ಶಾಲು ತಂದಿದ್ದೀವಿ.”

“ಅವರು ಊರಲ್ಲಿಲ್ಲ ಸಾರ್. ನನ್ ಕೈಗೆ ಕೊಡಿ.”